ಅಲ್ಯೂಮಿನಿಯಂ ಆಕ್ಸೈಡ್: ಗುಣ, ಉಪಯೋಗ ಮತ್ತು ಉಳಿಕೆ

ಇತಿಹಾಸವನ್ನು ಬೋಧಿಸುವವರು ರಾಸಾಯನಿಕ ವಸ್ತುವೊಂದನ್ನು ಕುರಿತು ಬರೆಯ ಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ರಾಜರಿಗೂ ರಾಜ್ಯಗಳಿಗೂ ಇರುವಂತೆ ವಸ್ತುಗಳಿಗೂ ಒಂದು ಚರಿತ್ರೆಯುಂಟು. ಅಲ್ಯೂಮಿನ ಎಂಬ ಇನ್ನೊಂದು ಹೆಸರಿನಿಂದಲೂ ಕರೆಯಲ್ಪಡುವ ಅಲ್ಯೂಮಿನಿಯಂ ಆಕ್ಸೈಡಿನ ಚರಿತ್ರೆಯಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುವ ಅಂಶವೊಂದಿದೆ. ಈ ವಸ್ತುವಿನ ಬೆಲೆಯನ್ನು ಅದರೊಡನೆ ಬೆರೆತ ಅನ್ಯಪದಾರ್ಥಗಳು ಎಷ್ಟು ನಿರ್ಣಯಿಸಿವೆಯೋ, ಅವುಗಳನ್ನು ಬೇರ್ಪಡಿಸುವ ಮನುಷ್ಯನ ಜಾಣ್ಮೆಯೂ ಅಷ್ಟೇ ನಿರ್ಣಯಿಸಿದೆ. ಈ ಸಂಗತಿಯನ್ನು ಸಂಗ್ರಹವಾಗಿ ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಅಲ್ಯೂಮಿನಿಯಮಿನ ಎರಡು ಪರಮಾಣುಗಳಿಗೆ ಆಮ್ಲಜನಕದ ಮೂರು ಪರಮಾಣುಗಳಂತೆ ಕೂಡಿ ಆದ ಸಂಯುಕ್ತವಿದು. ಶುದ್ಧಾವಸ್ಥೆಯಲ್ಲಿ ಇದರ ಪುಡಿಯು ಬಿಳಿಯ ಬಣ್ಣದ್ದು, ಹರಳು ವರ್ಣರಹಿತವಾದುದು. ಪರಮಾಣುಗಳ ಬಂಧನವು ಬಹಳ ಬಲವಾಗಿರುವುದರಿಂದ ಇದರ ಸ್ಫಟಿಕರೂಪವಾದ ಕುರುಂದವು ಅತ್ಯಂತ ಕಠಿಣವಾಗಿರುತ್ತದೆ. ಖನಿಜಗಳ ಕಾಠಿಣ್ಯವನ್ನಳೆಯುವ ಮೋಸ್ ಮಾನದಲ್ಲಿ ವಜ್ರಕ್ಕೆ ೧೦ ಅಂಕವಾದರೆ ಕುರುಂದಕ್ಕೆ ೯. ಸುಮಾರು ೨೦೫೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯವರೆಗೂ ಅದು ಕರಗುವುದಿಲ್ಲ, ನೀರಿನಲ್ಲಿ ಲೀನವಾಗುವುದಿಲ್ಲ, ವಿದ್ಯುತ್ತನ್ನು ತನ್ನ ಮೂಲಕ ಹರಿಯಗೊಡುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಯು ಕಬ್ಬಿಣದಂತೆ ತುಕ್ಕು ಹಿಡಿದು ಸವೆಯದಿರುವುದಕ್ಕೂ ಈ ಆಕ್ಸೈಡೇ ಕಾರಣ. ಗಾಳಿ ಸೋಕಿದೊಡನೆ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಪೊರೆಯೊಂದು ಉಂಟಾಗಿ ಒಳಗಿನ ಲೋಹವನ್ನು ಕಾಯುತ್ತದೆ.

ಈ ವಸ್ತುವನ್ನು ಮನುಷ್ಯನು ಮೊದಲು ಅರಿತದ್ದು ರತ್ನರೂಪದಲ್ಲಿಯೂ ಸಾಣೆಯ ರೂಪದಲ್ಲಿಯೂ. ವರ್ಣರಹಿತವಾದ ಕುರುಂದದಲ್ಲಿ ನೂರಕ್ಕೆ ಒಂದಂಶದಷ್ಟೋ ಅದಕ್ಕಿಂತ ಕಡಿಮೆಯೋ ಕ್ರೋಮಿಯಂ ಸೇರಿದರೆ ಅದು ಮಾಣಿಕ್ಯವಾಗುತ್ತದೆ; ಕಬ್ಬಿಣ ಮತ್ತು ಟೈಟೇನಿಯಂಗಳ ಲೇಶಗಳು ಸೇರಿದರೆ ಇಂದ್ರನೀಲವಾಗುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪದ್ಮರಾಗದ ಮೂಲಗಳನ್ನು ಹೇಳುವಲ್ಲಿ ಕುರುವಿಂದದ ಹೆಸರು ಬಂದಿರುವುದು ಗಮನಾರ್ಹವಾಗಿದೆ. ಈ ಕಲ್ಲಿಗೆ ತಮಿಳಿನಲ್ಲಿದ್ದ ಕುರುಂದಂ ಎಂಬ ಹೆಸರೇ ಯೂರೋಪಿನ ಭಾಷೆಗಳಲ್ಲಿ ಕೊರಂಡಮ್ ಎಂದಾಯಿತು. ೧೭೯೮ರಲ್ಲಿ ಚಾರ್ಲ್ಸ್ ಗ್ರೆವಿಲ್ ಎಂಬ ಆಂಗ್ಲ ಖನಿಜಸಂಗ್ರಾಹಕನು ಏಷ್ಯದಿಂದ ಬಂದ ಈ ಕಲ್ಲನ್ನು ಕುರಿತ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಕೆಂಪು, ನೀಲಗಳೂ ಸಾಣೆಗಾರನ ಮಂಕು ಕಲ್ಲೂ ಒಂದೇ ಕುಲಕ್ಕೆ ಸೇರಿದವೆಂಬುದು ಆ ಕಾಲದ ವಿದ್ವಾಂಸರಿಗೆ ಕ್ರಮಕ್ರಮವಾಗಿ ಸ್ಪಷ್ಟವಾಯಿತು. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿಯೂ ಈ ಮಂಕು ಕುರುಂದವು ಹಲವೆಡೆ ದೊರೆಯುತ್ತದೆ.

ಕಾಠಿಣ್ಯವನ್ನು ಅವಲಂಬಿಸಿದ ಉಪಯೋಗಗಳಲ್ಲಿ ಉಜ್ಜುವಿಕೆ ಮತ್ತು ಮೆರುಗು ಕೊಡುವಿಕೆಗಳು ಅತ್ಯಂತ ಪ್ರಾಚೀನವಾದವು. ಗ್ರೀಸಿನ ನಾಕ್ಸೋಸ್ ದ್ವೀಪದ ಎಮರಿ ಕಲ್ಲು ಕುರುಂದವೂ ಕಬ್ಬಿಣದ ಆಕ್ಸೈಡೂ ಬೆರೆತ ಶಿಲೆಯೇ ಆಗಿದೆ. ೧೭೦೪ರಲ್ಲಿ ನಿಕೊಲಾ ಫಾತಿಯೊ ಎಂಬ ಸ್ವಿಸ್ ಗಣಿತಜ್ಞನು ಲಂಡನ್ನಿನ ಇಬ್ಬರು ಗಡಿಯಾರ ಕುಶಲಿಗಳೊಡನೆ ಸೇರಿ, ರಂಧ್ರ ಕೊರೆದ ರತ್ನಗಳನ್ನು ಗಡಿಯಾರದ ಅಚ್ಚುಗಳಿಗೆ ಆಧಾರವಾಗಿ ಬಳಸುವ ಹಕ್ಕನ್ನು ಪಡೆದನು. ೧೯೦೨ರಲ್ಲಿ ಫ್ರಾನ್ಸಿನ ಓಗ್ಯೂಸ್ತ್ ವೆರ್ನೊಯಿ ಎಂಬ ರಸಾಯನಜ್ಞನು ಅಲ್ಯೂಮಿನದ ಪುಡಿಗೆ ತುಸು ಕ್ರೋಮಿಯಂ ಆಕ್ಸೈಡನ್ನು ಬೆರೆಸಿ, ಆಮ್ಲಜನಕ ಮತ್ತು ಜಲಜನಕಗಳ ಜ್ವಾಲೆಯಲ್ಲಿ ಕರಗಿಸಿ, ಕೃತಕ ಮಾಣಿಕ್ಯವನ್ನು ಬೆಳೆಸುವ ವಿಧಾನವನ್ನು ಪ್ರಕಟಪಡಿಸಿದನು. ಅಲ್ಲಿಂದ ಮುಂದೆ ಮಾಣಿಕ್ಯವು ಸಾಮಾನ್ಯರ ಕೈಗಡಿಯಾರವನ್ನೂ ಪ್ರವೇಶಿಸಿತು. ೧೯೬೦ರಲ್ಲಿ ಥಿಯೊಡೋರ್ ಮೈಮನ್ ಅಮೆರಿಕದಲ್ಲಿ ಮೊಟ್ಟಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದ್ದು ಇಂಥದೊಂದು ಕೃತಕ ಮಾಣಿಕ್ಯದಿಂದಲೇ.

ಆದರೆ ಈ ವಸ್ತುವು ಮಹಾಕೈಗಾರಿಕೆಯ ಕಚ್ಚಾಸಾಮಗ್ರಿಯಾದದ್ದು ರತ್ನಗಳಿಂದಲ್ಲ. ಕೆಮ್ಮಣ್ಣನ್ನು ಹೋಲುವ ಬಾಕ್ಸೈಟ್ ಅದಿರಿನಿಂದ. ೧೮೨೧ರಲ್ಲಿ ಪಿಯೇರ್ ಬೆರ್ತಿಯೇ ಫ್ರಾನ್ಸಿನ ಲೆ ಬೋ ಗ್ರಾಮದ ಬಳಿ ದೊರೆತ ಈ ಅದಿರನ್ನು ವಿಶ್ಲೇಷಿಸಿದನು. ಊರಿನ ಹೆಸರೇ ಮುಂದೆ ಅದಿರಿಗೆ ಬಂದಿತು. ಅದರಲ್ಲಿ ಅಲ್ಯೂಮಿನದೊಡನೆ ಕಬ್ಬಿಣ, ಸಿಲಿಕ, ಟೈಟೇನಿಯಂಗಳ ಆಕ್ಸೈಡುಗಳು ಬೆರೆತಿರುತ್ತವೆ. ಇವುಗಳನ್ನು ಅಗ್ಗವಾಗಿ ಬೇರ್ಪಡಿಸುವ ಮಾರ್ಗವನ್ನು ಕಂಡುಹಿಡಿದವನು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸಮಾಡುತ್ತಿದ್ದ ಆಸ್ಟ್ರಿಯದ ಕಾರ್ಲ್ ಯೋಸೆಫ್ ಬಾಯರ್. ೧೮೮೭ರಲ್ಲಿ ಅವನು ಅರಸುತ್ತಿದ್ದುದು ಲೋಹವನ್ನಲ್ಲ, ಹತ್ತಿಬಟ್ಟೆಗೆ ಬಣ್ಣ ಕಚ್ಚಿಸುವ ಪದಾರ್ಥವನ್ನು ಎಂಬುದು ಸ್ವಾರಸ್ಯವಾದ ವಿಷಯ. ನಮ್ಮ ಬಣ್ಣಗಾರರು ಪಟಿಕದಿಂದ ಸಾಧಿಸುತ್ತಿದ್ದ ಕಾರ್ಯವೂ ಇದೇ. ಪಟಿಕವು ಅಲ್ಯೂಮಿನಿಯಮಿನ ಲವಣ. ಇದಕ್ಕೆ ಒಂದು ವರ್ಷ ಹಿಂದೆ, ೧೮೮೬ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಪರಸ್ಪರ ಅರಿಯದೆಯೇ, ಅಲ್ಯೂಮಿನವನ್ನು ಕರಗಿದ ಕ್ರಯೊಲೈಟಿನಲ್ಲಿ ಲೀನಗೊಳಿಸಿ ವಿದ್ಯುತ್ತಿನಿಂದ ಲೋಹವನ್ನು ಪಡೆಯುವ ಕ್ರಮವನ್ನು ಕಂಡಿದ್ದರು. ಈ ಎರಡು ಶೋಧಗಳು ಕೂಡಿದುದರಿಂದ, ಬೆಳ್ಳಿಯೊಡನೆ ಸರಿತೂಗುತ್ತಿದ್ದ ಲೋಹವು ಅಡುಗೆಮನೆಗೆ ಇಳಿಯಿತು.

ಬಾಯರನ ವಿಧಾನವು ಇಂದಿಗೂ ಪ್ರಧಾನವಾಗಿ ಬಳಕೆಯಲ್ಲಿದೆ. ಅದಿರನ್ನು ಅರೆದು, ಬಿಸಿಯಾದ ದಾಹಕ ಸೋಡದ ದ್ರಾವಣದಲ್ಲಿ ಒತ್ತಡದೊಡನೆ ಬೇಯಿಸುತ್ತಾರೆ. ಅಲ್ಯೂಮಿನವು ದ್ರಾವಣಕ್ಕೆ ಇಳಿಯುತ್ತದೆ. ಕಬ್ಬಿಣದ ಆಕ್ಸೈಡು ಮೊದಲಾದುವು ಕರಗದೆ ಉಳಿಯುತ್ತವೆ. ಸೋಸಿದ ದ್ರಾವಣವನ್ನು ತಣಿಸಿ, ಹಾಲಿಗೆ ಹೆಪ್ಪಿಡುವಂತೆ, ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಸಣ್ಣ ಹರಳುಗಳನ್ನು ಅದರಲ್ಲಿ ಬಿತ್ತುತ್ತಾರೆ. ಆಗ ಒತ್ತರಿಸಿ ಬರುವ ಹೈಡ್ರಾಕ್ಸೈಡನ್ನು ಸುಮಾರು ೧೦೦೦ ಡಿಗ್ರಿಯಲ್ಲಿ ಸುಟ್ಟರೆ ಬಿಳಿಯ ಅಲ್ಯೂಮಿನವು ದೊರೆಯುತ್ತದೆ. ಸ್ಥೂಲವಾಗಿ ಹೇಳುವುದಾದರೆ ನಾಲ್ಕೈದು ಟನ್ ಅದಿರಿನಿಂದ ಎರಡು ಟನ್ ಅಲ್ಯೂಮಿನ, ಅದರಿಂದ ಒಂದು ಟನ್ ಲೋಹ.

ಉತ್ಪತ್ತಿಯ ಬಹುಭಾಗವು ಲೋಹಕ್ಕೇ ಸಲ್ಲುತ್ತದೆ; ಮಿಕ್ಕ ಅಲ್ಪಭಾಗದ ಉಪಯೋಗಗಳು ಮಾತ್ರ ಅಲ್ಪವಲ್ಲ. ಶಾಖವನ್ನು ತಡೆಯುವ ಗುಣದಿಂದ ಅದು ಕುಲುಮೆಗಳ ಒಳಗೋಡೆಯ ಇಟ್ಟಿಗೆಯಾಗಿದೆ. ವಿದ್ಯುನ್ನಿರೋಧದ ಗುಣದಿಂದ ಮೋಟಾರಿನ ಸ್ಪಾರ್ಕ್ ಪ್ಲಗ್ಗಿನ ಬಿಳಿಯ ಕವಚವಾಗಿದೆ. ಸೂಕ್ಷ್ಮರಂಧ್ರಗಳುಳ್ಳ ಇನ್ನೊಂದು ರೂಪದಲ್ಲಿ ತೇವವನ್ನು ಹೀರುತ್ತದೆ; ಪೆಟ್ರೋಲಿಯಂ ಶುದ್ಧೀಕರಣದಲ್ಲಿ ವೇಗವರ್ಧಕಗಳಿಗೆ ಆಧಾರವಾಗುತ್ತದೆ. ದೇಹದ ರಸಗಳಿಂದ ಅದು ಕೆಡದ ಕಾರಣ ೧೯೭೦ರಲ್ಲಿ ಫ್ರಾನ್ಸಿನ ಪಿಯೇರ್ ಬೂತ್ಯಾನ್ ಎಂಬ ಶಸ್ತ್ರವೈದ್ಯನು ಕೃತಕ ಸೊಂಟದ ಕೀಲಿಗೆ ಅದನ್ನು ಬಳಸಿದನು. ನಮ್ಮ ಬೆಳಗಾವಿಯ ಕಾರ್ಖಾನೆಯೂ ಇಂಥ ವಿಶೇಷ ಉಪಯೋಗಗಳಿಗೆ ತಕ್ಕ ಅಲ್ಯೂಮಿನವನ್ನು ತಯಾರಿಸುತ್ತ ಬಂದಿದೆ.

ಇನ್ನು ಸೋಸಿ ತೆಗೆದ ಉಳಿಕೆಯ ವಿಚಾರ. ಕಬ್ಬಿಣದ ಆಕ್ಸೈಡಿನಿಂದ ಕೆಂಪಾಗಿಯೂ, ಸೋಡದಿಂದ ಸುಡುವ ಕ್ಷಾರವಾಗಿಯೂ ಇರುವ ಈ ಕೆಸರನ್ನು ಕೆಂಪು ಕೆಸರೆಂದೇ ಕರೆಯುತ್ತಾರೆ. ಒಂದು ಟನ್ ಅಲ್ಯೂಮಿನಕ್ಕೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಟನ್ ಕೆಸರು ಉಳಿಯುತ್ತದೆ. ೨೦೧೦ರ ಅಕ್ಟೋಬರ್ ೪ರಂದು ಹಂಗೆರಿಯ ಆಯ್ಕ ಎಂಬಲ್ಲಿ ಇಂಥ ಕೆಸರಿನ ಕಟ್ಟೆಯೊಡೆದು ಕೊಲೊಂತಾರ್, ದೆವೆಚೆರ್ ಎಂಬ ಊರುಗಳಿಗೆ ನುಗ್ಗಿತು. ಹತ್ತು ಮಂದಿ ಮಡಿದರು. ನೂರಕ್ಕೂ ಹೆಚ್ಚು ಜನ ಗಾಯಗೊಂಡರು, ಅವರಲ್ಲಿ ಅನೇಕರ ಮೈ ಕ್ಷಾರದಿಂದ ಸುಟ್ಟಿತು. ಮಾರ್ಚಲ್ ನದಿಯ ಜಲಚರಗಳು ನಾಶವಾದವು. ಕೆಂಪು ಕೆಸರನ್ನು ಸಿಮೆಂಟಿಗೆ ಸೇರಿಸುವ, ಅದರಿಂದ ಇಟ್ಟಿಗೆ ಮಾಡುವ, ಕಬ್ಬಿಣವನ್ನು ತೆಗೆಯುವ ಪ್ರಯತ್ನಗಳು ನಡೆದಿವೆಯಾದರೂ ಬಳಕೆಯಾಗುವುದು ಅಲ್ಪಾಂಶ ಮಾತ್ರ. ಬಹುಪಾಲು ಕಟ್ಟೆಗಳ ಹಿಂದೆ ಶೇಖರವಾಗುತ್ತಲೇ ಇದೆ.

ಬೆರಕೆಯೆಂಬುದು ಸ್ವತಃ ಗುಣವೂ ಅಲ್ಲ, ದೋಷವೂ ಅಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಇಂದ್ರನೀಲಕ್ಕೆ ನೀಲಿಯನ್ನು ಕೊಡುವುದರಲ್ಲಿ ಪಾಲುಗೊಂಡ ಕಬ್ಬಿಣವೇ ಕಾರ್ಖಾನೆಯ ಹಿತ್ತಿಲಿನಲ್ಲಿ ಕೆಂಪು ಗುಡ್ಡವಾಗಿ ನಿಂತಿದೆ. ರತ್ನವನ್ನು ಕಾಪಿಟ್ಟವರ ಚರಿತ್ರೆ ನಮಗೆ ವಿಪುಲವಾಗಿ ದೊರೆಯುತ್ತದೆ. ಶೋಧಕರ ಚರಿತ್ರೆಯೂ ಸಾಕಷ್ಟಿದೆ. ಬೇರ್ಪಡಿಸಿ ಎಸೆದದ್ದು ಎಲ್ಲಿಗೆ ಹೋಯಿತು, ಅದರ ಪಕ್ಕದಲ್ಲಿ ಬಾಳಿದವರು ಯಾರು ಎಂಬ ಪ್ರಶ್ನೆಯನ್ನೂ ಕೈಗಾರಿಕೆಯ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳು ಕೇಳಬೇಕು. ಆ ಪ್ರಶ್ನೆಗೆ ಉತ್ತರವಿಲ್ಲದೆ ಯಾವ ವಸ್ತುವಿನ ಚರಿತ್ರೆಯೂ ಪೂರ್ಣವಾಗದೆಂಬುದು ನಮ್ಮ ಅಭಿಪ್ರಾಯ.