ಕಾಣದ್ದನ್ನು ಎಣಿಸುವ ಶಾಸ್ತ್ರ

ಗದಗ ಸೀಮೆಯ ಸೊರಟೂರಿನಲ್ಲಿ ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳ ವೀರಬಲ್ಲಾಳನಿಗೂ ಸೇವುಣರ ಭಿಲ್ಲಮನಿಗೂ ದೊಡ್ಡ ಕಾಳಗವಾಯಿತೆಂದು ಇತಿಹಾಸ ಬಲ್ಲವರು ಹೇಳುತ್ತಾರೆ. ರಾಜರ ಗೆಲವು-ಸೋಲುಗಳನ್ನು ಬರೆದಿಡಲು ಶಾಸನಗಳಿದ್ದವು. ಆದರೆ ಅದೇ ಊರಿನ ಒಬ್ಬ ಹೆಣ್ಣುಮಗಳು, ಮೂರು ಮಕ್ಕಳ ತಾಯಿ, ನಾಲ್ಕನೆಯ ಬಸಿರು ಬೇಡವೆಂದು ಒಳಗೊಳಗೇ ನಿಶ್ಚಯಿಸಿ ಒಂದು ಮುಂಜಾನೆ ಗದಗಿನ ಬಸ್ಸು ಹತ್ತಿದಳೆಂದು ಭಾವಿಸೋಣ. ಅವಳ ಲೆಕ್ಕವನ್ನು ಇಡುವವರು ಯಾರು?

ಈಚಿನ ದಶಕಗಳಲ್ಲಿ ಈ ಕೆಲಸಕ್ಕೆ ಕೈಹಾಕಿದವರಲ್ಲಿ ಅರ್ಥಶಾಸ್ತ್ರಜ್ಞರು ಮುಖ್ಯರು. ಹಣದ ಶಾಸ್ತ್ರದವರಿಗೆ ಬಸಿರಿನ ಗೊಡವೆ ಏಕೆಂದು ಹುಬ್ಬೇರಿಸುವವರು ಉಂಟು. ಅವರ ಉತ್ತರ ಸರಳ. ಗರ್ಭಪಾತದ ಬೆಲೆಯೆಂದರೆ ವೈದ್ಯರಿಗೆ ತೆರುವ ಶುಲ್ಕವಷ್ಟೇ ಅಲ್ಲ. ಆ ದಿನದ ಕೂಲಿ ತಪ್ಪುತ್ತದೆ. ಚಿಕ್ಕ ಮಗುವನ್ನು ನೆರೆಮನೆಯಲ್ಲಿ ಬಿಡಬೇಕಾಗುತ್ತದೆ. ಬಿಟ್ಟರೆ ನೆರೆಯಾಕೆಗೆ ಕಾರಣ ಹೇಳಬೇಕಾಗುತ್ತದೆ. ಸಂಜೆ ತಡವಾಗಿ ಬಂದರೆ ಅತ್ತೆಯ ಪ್ರಶ್ನೆ ಕಾದಿರುತ್ತದೆ. ಇವೆಲ್ಲವೂ ಸೇರಿದ್ದು ಬೆಲೆ. ಯಾರು ಆ ಬೆಲೆಯನ್ನು ತೆರಬಲ್ಲರು, ಯಾರು ತೆರಲಾರರು, ತೆರಲಾರದವರ ಮನೆಯಲ್ಲಿ ಮುಂದೆ ಏನಾಗುತ್ತದೆ ಎಂಬುದೇ ಅವರ ವಿಚಾರಣೆ.

ಕಾನೂನಿನ ಕಡೆಯಿಂದ ಭಾರತದ ಹೆಣ್ಣಿಗೆ ಬಾಗಿಲು ತೆರೆದು ಅರ್ಧ ಶತಮಾನ ಕಳೆದಿದೆ. ಶಾಂತಿಲಾಲ ಶಹಾ ಸಮಿತಿಯ ವರದಿಯ ಮೇಲೆ ಸಂಸತ್ತು ೧೯೭೧ರಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆಯನ್ನು ಅಂಗೀಕರಿಸಿತು. ೧೯೭೨ರ ಏಪ್ರಿಲ್ ೧ರಿಂದ ಅದು ಜಾರಿಗೆ ಬಂದಿತು. ೨೦೨೧ರ ತಿದ್ದುಪಡಿಯ ಮೇರೆಗೆ ೨೦ ವಾರಗಳವರೆಗೆ ಒಬ್ಬ ವೈದ್ಯರ, ಕೆಲವು ವರ್ಗದ ಸ್ತ್ರೀಯರಿಗೆ ೨೪ ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. ವಯಸ್ಕಳಾದ ಹೆಣ್ಣಿಗೆ ಗಂಡನ ಸಮ್ಮತಿ ಬೇಕೆಂದು ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಬಹಳ ಮಂದಿ ಗಂಡಂದಿರಿಗೂ ಕೆಲವು ಆಸ್ಪತ್ರೆಗಳಿಗೂ ಇದು ಇನ್ನೂ ತಿಳಿಯದ ಸಂಗತಿ.

ಬಾಗಿಲು ತೆರೆದಿದ್ದರೂ ದಾರಿ ದೂರವಾದರೆ ಏನಾಗುತ್ತದೆ? ಇದನ್ನು ಅಳೆಯುವ ಅವಕಾಶ ಅಮೆರಿಕದ ಟೆಕ್ಸಾಸಿನಲ್ಲಿ ಒದಗಿತು. ೨೦೧೩ರ ಒಂದು ಕಾನೂನಿನಿಂದ ಅಲ್ಲಿನ ಚಿಕಿತ್ಸಾಲಯಗಳಲ್ಲಿ ಸುಮಾರು ಅರ್ಧದಷ್ಟು ಮುಚ್ಚಿಹೋದವು. ಕೆಲವು ಜಿಲ್ಲೆಗಳಿಗೆ ದೂರ ಹೆಚ್ಚಿತು, ಕೆಲವಕ್ಕೆ ಹೆಚ್ಚಲಿಲ್ಲ. ಎರಡನ್ನೂ ಹೋಲಿಸಿದ ಕೇಟ್ಲಿನ್ ಮಯರ್ಸ್ ಮೊದಲಾದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು: ಸುಮಾರು ೮೦ ಕಿಲೋಮೀಟರಿನ ಒಳಗಿದ್ದ ಚಿಕಿತ್ಸಾಲಯ ಅದರ ಆಚೆಗೆ, ೧೬೦ರ ಒಳಗೆ, ಸರಿದಲ್ಲಿ ಗರ್ಭಪಾತಗಳು ಶೇಕಡಾ ೧೬ರಷ್ಟು ಇಳಿದಿದ್ದವು. ಮನೆಮನೆಗೆ ಕಾರಿರುವ ನಾಡಿನ ಮಾತಿದು! ಕರ್ನಾಟಕದಲ್ಲಿ ೨೦೨೩ರ ಜೂನ್ ೧೧ರಂದು ‘ಶಕ್ತಿ’ ಯೋಜನೆ ಆರಂಭವಾಗಿ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಖರ್ಚು ತಪ್ಪಿತು. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಕರಾವಳಿಯಲ್ಲಿ ಆ ಅನುಕೂಲ ಅಷ್ಟಿಲ್ಲ. ಇಂಥ ವ್ಯತ್ಯಾಸವೇ ಸಂಶೋಧಕರಿಗೆ ಬೇಕಾದ ಸಾಮಗ್ರಿ. ಪ್ರಯೋಗಾಲಯದಲ್ಲಿ ಮಾಡಲಾಗದ ಪ್ರಯೋಗವನ್ನು ಕಾನೂನೋ ರಸ್ತೆಯೋ ಬಸ್ಸೋ ತಾನಾಗಿ ಮಾಡಿಕೊಡುತ್ತದೆ.

ಮನೆಮನೆಗೆ ಹೋಗಿ ನೇರವಾಗಿಯೇ ಕೇಳಬಾರದೇಕೆ ಎಂದರೆ, ಕೇಳಿದವರಿಗೆ ಸಿಕ್ಕುವ ಉತ್ತರ ಒಂದೇ: “ಗರ್ಭ ತಾನಾಗಿ ಇಳಿದುಹೋಯಿತು.” ದೇಶದ ಸರಕಾರಿ ದಾಖಲೆಗಳಲ್ಲಿ ವರ್ಷಕ್ಕೆ ಏಳು ಲಕ್ಷದ ಆಸುಪಾಸಿನ ಗರ್ಭಪಾತಗಳು ಕಾಣುತ್ತಿದ್ದವು. ಆದರೆ ಔಷಧ ಮಾರಾಟದ ಅಂಕಿಗಳನ್ನೂ ಆರು ರಾಜ್ಯಗಳ ಆಸ್ಪತ್ರೆಗಳ ಸಮೀಕ್ಷೆಯನ್ನೂ ಜೋಡಿಸಿ ೨೦೧೮ರಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, ೨೦೧೫ರಲ್ಲಿ ಭಾರತದಲ್ಲಿ ಆದದ್ದು ೧ ಕೋಟಿ ೫೬ ಲಕ್ಷ. ಅದರಲ್ಲಿ ಶೇಕಡಾ ೭೩ ಆಸ್ಪತ್ರೆಯ ಹೊರಗೆ, ಮಾತ್ರೆ ನುಂಗಿ ಆದವು. ಏಳು ಲಕ್ಷವೆಲ್ಲಿ, ಒಂದೂವರೆ ಕೋಟಿಯೆಲ್ಲಿ!

ಹೇಳದ್ದನ್ನು ಹೀಗೆ ಬೇರೆ ಕುರುಹುಗಳಿಂದಲೇ ಓದಬೇಕು. ಇಂಥ ಓದಿಗೆ ರುಮೇನಿಯದ ಕಥೆಯಷ್ಟು ವಿಚಿತ್ರವಾದ ಉದಾಹರಣೆ ಇನ್ನೊಂದಿಲ್ಲ. ಅಲ್ಲಿ ೧೯೫೭ರಿಂದ ಗರ್ಭಪಾತ ಸುಲಭವಾಗಿತ್ತು. ಜನಸಂಖ್ಯೆ ಬೆಳೆಯಬೇಕೆಂದು ಹಟತೊಟ್ಟ ಚೌಷೆಸ್ಕುವಿನ ಸರಕಾರ ೧೯೬೬ರ ಅಕ್ಟೋಬರಿನಲ್ಲಿ ಹಠಾತ್ತನೆ ಅದನ್ನು ನಿಷೇಧಿಸಿತು. ಒಬ್ಬ ಹೆಣ್ಣಿಗೆ ಸರಾಸರಿ ೧.೯ ಇದ್ದ ಮಕ್ಕಳ ಸಂಖ್ಯೆ ಒಂದೇ ವರ್ಷದಲ್ಲಿ ೩.೭ಕ್ಕೆ ಏರಿತು. ಆ ೧೯೬೭ರ ಕೂಸುಗಳು ಬೆಳೆದು ದೊಡ್ಡವರಾದ ಮೇಲೆ ಅವರ ಬಾಳು ಏನಾಯಿತೆಂದು ಪಾಪ್-ಎಲೆಕೆಸ್ ಎಂಬ ಅರ್ಥಶಾಸ್ತ್ರಜ್ಞರು ಜನಗಣತಿಯಲ್ಲಿ ಹುಡುಕಿದರು. ಮೊದಲ ನೋಟಕ್ಕೆ ಸಿಕ್ಕ ಉತ್ತರ ಎಲ್ಲರನ್ನೂ ಬೆರಗುಗೊಳಿಸುವಂಥದು: ನಿಷೇಧದ ನಂತರ ಹುಟ್ಟಿದವರು ಅದಕ್ಕೆ ಮೊದಲು ಹುಟ್ಟಿದವರಿಗಿಂತ ಸರಾಸರಿಯಲ್ಲಿ ಹೆಚ್ಚು ಓದಿದ್ದರು!

ನಿಷೇಧವೇ ಒಳ್ಳೆಯದಾಯಿತೆಂದು ಅಲ್ಲಿಗೇ ನಿಲ್ಲಿಸಿದ್ದರೆ ದೊಡ್ಡ ಪ್ರಮಾದವಾಗುತ್ತಿತ್ತು. ಮೊದಲು ಗರ್ಭಪಾತ ಮಾಡಿಸಿಕೊಳ್ಳುತ್ತಿದ್ದವರಲ್ಲಿ ಪಟ್ಟಣದ ವಿದ್ಯಾವಂತ ಸ್ತ್ರೀಯರೇ ಹೆಚ್ಚು. ನಿಷೇಧದಿಂದ ಅವರ ಮನೆಗಳಲ್ಲಿಯೇ ತೊಟ್ಟಿಲುಗಳು ಹೆಚ್ಚಿದವು. ಓದಿದವರ ಮಕ್ಕಳು ಸಹಜವಾಗಿಯೇ ಓದಿದರು. ಸಮಾನ ಅಂತಸ್ತಿನ ಮನೆಗಳನ್ನಷ್ಟೇ ಎದುರುಬದುರು ಇಟ್ಟು ತೂಗಿದಾಗ ತಕ್ಕಡಿ ತಿರುಗಿತು: ನಿಷೇಧದ ನಂತರದ ಮಕ್ಕಳು ಶಾಲೆಯಲ್ಲಿಯೂ ಉದ್ಯೋಗದಲ್ಲಿಯೂ ಹಿಂದೆ ಬಿದ್ದಿದ್ದರು. ಬೇಡವೆಂದ ಬಸಿರಿನ ಭಾರ ಮಗುವಿನ ಮೇಲೂ ಬಿದ್ದಿತ್ತು. ತಾಯಂದಿರ ಮೇಲೆ ಬಿದ್ದ ಭಾರಕ್ಕಂತೂ ತಕ್ಕಡಿಯೇ ಬೇಕಿರಲಿಲ್ಲ. ಕಳ್ಳದಾರಿಯ ಗರ್ಭಪಾತಗಳಿಂದ ಸತ್ತವರ ಸಂಖ್ಯೆ ಏರುತ್ತಲೇ ಹೋಗಿ, ೧೯೮೯ರ ಡಿಸೆಂಬರಿನಲ್ಲಿ ನಿಷೇಧ ತೊಲಗಿದ ಮೇಲೆ ಇಳಿಯಿತು.

ಇಂಥ ಲೆಕ್ಕಗಳೆಲ್ಲ ನಿರ್ವಿವಾದವೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಗರ್ಭಪಾತ ಕಾನೂನುಬದ್ಧವಾದದ್ದರಿಂದಲೇ ಎರಡು ದಶಕಗಳ ಅನಂತರ ಅಪರಾಧಗಳು ಇಳಿದವೆಂದು ೨೦೦೧ರಲ್ಲಿ ಡೊನೊಹ್ಯೂ ಮತ್ತು ಲೆವಿಟ್ ಬರೆದು ಗದ್ದಲವೆಬ್ಬಿಸಿದರು. ೨೦೦೫ರಲ್ಲಿ ಬೇರೆ ಇಬ್ಬರು ಆ ಲೆಕ್ಕದಲ್ಲಿ ತಪ್ಪನ್ನು ಹಿಡಿದರು. ತಪ್ಪು ತಿದ್ದಿದರೂ ತಮ್ಮ ಸಿದ್ಧಾಂತ ನಿಲ್ಲುತ್ತದೆಂದು ಮೊದಲಿನವರು ಹೇಳಿದರು. ಜಗಳ ಮುಗಿದಿಲ್ಲ. ಪತ್ರಿಕೆಗಳಿಗೆ ಪ್ರಿಯವಾದದ್ದು ಈ ಜಗಳವೇ ಆದರೂ, ಹೆಣ್ಣಿನ ಬದುಕಿನ ಮಟ್ಟಿಗೆ ಇದಕ್ಕಿಂತ ತೂಕವುಳ್ಳ ಅಧ್ಯಯನಗಳು ಬೇರೆ ಇವೆ.

ಅವುಗಳಲ್ಲಿ ಒಂದು ಕನ್ನಡಿಗರ ಗಡಿಗೇ ತಾಗಿದ್ದು. ಭಾರತದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ: ಬೇಡವಾದದ್ದು ಬಸಿರಲ್ಲ, ಹೆಣ್ಣು ಕೂಸು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ೧೯೯೧ರಲ್ಲಿ ದೇಶದಲ್ಲಿ ೯೪೫ ಹೆಣ್ಣುಮಕ್ಕಳಿದ್ದರು; ೨೦೦೧ರಲ್ಲಿ ೯೨೭; ೨೦೧೧ರಲ್ಲಿ ೯೧೯. ಕರ್ನಾಟಕದಲ್ಲಿ ೯೬೦ ಇದ್ದದ್ದು ೯೪೬ಕ್ಕೆ ಇಳಿದು, ೨೦೧೧ರಲ್ಲಿ ೯೪೮ರಲ್ಲಿ ನಿಂತಿತು. ಭ್ರೂಣದ ಲಿಂಗಪರೀಕ್ಷೆಯನ್ನು ನಿಷೇಧಿಸಿದ ೧೯೯೪ರ ಕೇಂದ್ರ ಕಾಯಿದೆ ೧೯೯೬ರಲ್ಲಿ ಜಾರಿಯಾದ ಮೇಲೂ ಅಂಕಿ ಕುಸಿದದ್ದನ್ನು ಕಂಡು ಕಾಯಿದೆ ನಿರರ್ಥಕವೆಂದು ಹಲವರು ಕೈಚೆಲ್ಲಿದರು. ಅರಿಂದಂ ನಂದಿ ಮತ್ತು ಅನಿಲ ದೇವಲಾಲಿಕರರು ಕೈಚೆಲ್ಲಲಿಲ್ಲ. ಮಹಾರಾಷ್ಟ್ರದಲ್ಲಿ ಅಂಥದೇ ಕಾನೂನು ೧೯೮೮ರಲ್ಲಿಯೇ ಬಂದಿತ್ತು. ನೆರೆರಾಜ್ಯಗಳಿಗೆ ಅದು ಹೊಸದು. ಎರಡೂ ಕಡೆಯ ಊರುಗಳ ಜನಗಣತಿಯನ್ನು ಹೋಲಿಸಿ ಅವರು ೨೦೧೩ರಲ್ಲಿ ತೋರಿಸಿದ್ದಿಷ್ಟು: ಕಾಯಿದೆ ಇಲ್ಲದಿದ್ದರೆ ಆ ಅಂಕಿ ಇನ್ನೂ ೧೩ರಿಂದ ೨೦ರಷ್ಟು ಕೆಳಗಿಳಿಯುತ್ತಿತ್ತು. ಕುಸಿತ ನಿಲ್ಲಲಿಲ್ಲವೆಂಬುದು ಕಣ್ಣಿಗೆ ಕಂಡದ್ದು. ಕುಸಿತಕ್ಕೆ ಒತ್ತು ಸಿಕ್ಕಿತ್ತೆಂಬುದು ಲೆಕ್ಕದಿಂದ ಮಾತ್ರ ತಿಳಿದದ್ದು.

ಒತ್ತು ಕೊಟ್ಟರೂ ಕಳ್ಳದಾರಿ ಮುಚ್ಚಲಿಲ್ಲ. ೨೦೨೩ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ಜಾಲದಲ್ಲಿ, ಮಂಡ್ಯ ಜಿಲ್ಲೆಯ ಒಂದು ಆಲೆಮನೆಯೇ ಸ್ಕ್ಯಾನಿಂಗ್ ಕೇಂದ್ರವಾಗಿತ್ತೆಂದು ತಿಳಿದುಬಂತು. ಬೆಲ್ಲ ಕಾಯಿಸುವ ಕಡೆ! ಇಂಥ ಸುದ್ದಿಗಳಾದಾಗಲೆಲ್ಲ ತಪಾಸಣೆಗಳು ಬಿಗಿಯಾಗುತ್ತವೆ, ಮತ್ತು ಎರಡು ಕಾಯಿದೆಗಳ ನಡುವಿನ ಗೆರೆ ಮಸುಕಾಗುತ್ತದೆ. ಲಿಂಗಪರೀಕ್ಷೆ ಅಪರಾಧ, ಗರ್ಭಪಾತ ಷರತ್ತುಗಳೊಳಗೆ ನ್ಯಾಯಸಮ್ಮತ. ಆದರೆ ಅಂಜಿದ ವೈದ್ಯರು ಎರಡನ್ನೂ ಒಟ್ಟಿಗೆ ದೂರವಿಡುವುದುಂಟು.

ಸೊರಟೂರಿನಿಂದ ಹೊರಟ ಆ ತಾಯಿಗೆ ಮೊದಲಿನ ಮೂವರೂ ಹೆಣ್ಣುಮಕ್ಕಳೇ ಆಗಿದ್ದರೆ, ಆಸ್ಪತ್ರೆಯ ಮೇಜಿನ ಆಚೆಯಿಂದ ಬರುವ ಮೊದಲ ಪ್ರಶ್ನೆ ಅದೇ. ಅವಳು ಯಾವ ಪರೀಕ್ಷೆಯನ್ನೂ ಮಾಡಿಸಿಲ್ಲ. ಇನ್ನೊಂದು ಕೂಸನ್ನು ಸಾಕುವ ಶಕ್ತಿ ಇಲ್ಲವೆಂದಷ್ಟೇ ಬಂದವಳು. “ನಾಳೆ ಗಂಡನನ್ನು ಕರೆದುಕೊಂಡು ಬಾರಮ್ಮ” ಎನ್ನುತ್ತಾರೆ. ಅವಳು ತಲೆಯಾಡಿಸಿ ಹೊರಗೆ ಬರುತ್ತಾಳೆ, ಔಷಧದ ಅಂಗಡಿಯಲ್ಲಿ ದನಿ ತಗ್ಗಿಸಿ ಮಾತ್ರೆ ಕೇಳುತ್ತಾಳೆ, ಸಂಜೆಯ ಬಸ್ಸಿಗೆ ಊರು ಸೇರುತ್ತಾಳೆ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಅಂದು ಅವಳ ಹೆಸರಿಲ್ಲ.