ಚಿತ್ರ ಬರೆಯೋಕೆ ಕಥಕ್ ಕಲಿತ ಹೆಬ್ಬಾರರು

ಚಿತ್ರ ಬರೆಯೋರು ಡಾನ್ಸ್ ಯಾಕೆ ಕಲೀಬೇಕು? ಕೆ.ಕೆ. ಹೆಬ್ಬಾರರು ಕಲಿತ್ರು. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಯಕ್ಷಗಾನ ನೋಡ್ತಾ ಬೆಳೆದವರು. ಮುಂಬೈನ ಜೆ.ಜೆ. ಸ್ಕೂಲಲ್ಲಿ ಓದಿದ್ದು ಸಾಲದು ಅಂತ ಕಥಕ್ ಕಲಿತರು. ವೇದಿಕೆ ಹತ್ತೋಕಲ್ಲ, ಲಯ ಮೈಗೆ ಗೊತ್ತಾಗಲಿ ಅಂತ.

ಕಮ್ಮನಹಳ್ಳಿ ಮೇನ್ ರೋಡಲ್ಲಿ ಪಾನಿಪೂರಿ ಅಣ್ಣನ ಸ್ಕೆಚ್ ಮಾಡುವಾಗ ನನಗಿದರ ಬೆಲೆ ತಿಳಿಯುತ್ತೆ. ಮೊಬೈಲ್ ಫೋಟೊ ನೋಡಿ ಬರೆದ್ರೆ ಐದೂ ಬೆರಳು ಸರಿಯಾಗಿರುತ್ತೆ, ಕೈ ಮಾತ್ರ ಓಡಲ್ಲ. ಈಗ ಆ ಕೈಯಾಟವನ್ನ ಮೊದಲು ನಾನೇ ಗಾಳಿಯಲ್ಲಿ ಮಾಡಿ ನೋಡ್ತೀನಿ (ಜನ ನಗ್ತಾರೆ, ಬಿಡಿ), ಆಮೇಲೆ ಪೆನ್ನು.

ಅಜಂತಾ, ಅಮೃತಾ ಶೇರ್‌ಗಿಲ್ ಪ್ರಭಾವ ಹೆಬ್ಬಾರರ ಬಣ್ಣದ ಚಿತ್ರಗಳಲ್ಲಿ ಕಾಣುತ್ತೆ. ಗೆರೆಗೆ ಮಾತ್ರ ಕುಣಿತವೇ ಗುರು ಅನ್ನೋದು ನನ್ನ ಲೆಕ್ಕ. ಅವರ ನರ್ತಕಿಯರಲ್ಲಿ ಕಣ್ಣು-ಮೂಗಿಗಿಂತ ಮೈ ಬಳುಕಿನ ಜೊತೆ ಇಳಿಯೋ ಗೆರೆ ಮುಖ್ಯ. ಆ ರೇಖಾಚಿತ್ರಗಳ ಪುಸ್ತಕದ ಹೆಸರೇ ‘ದಿ ಸಿಂಗಿಂಗ್ ಲೈನ್’.