ಕಾರಿನ ಬಾಗಿಲಿಗೆ ಬುದ್ಧಿ ಬಂದ ಬಗೆ

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ಬಾಗಿಲಲ್ಲಿ ಇದ್ದದ್ದು ತಿರುಗಿಸುವ ಹಿಡಿ, ಗಾಜು ಎತ್ತುವ ಮೆಷಿನ್, ಅಷ್ಟೇ. ಗಾಜು ಏರದಿದ್ದರೆ ಕೆ.ಆರ್.ಪೇಟೆಯ ಗ್ಯಾರೇಜಿನಲ್ಲಿ ಬಿಟ್ಟು ಸಂತೆ ಮುಗಿಸಿ ಬರುವಷ್ಟರಲ್ಲಿ ಕೆಲಸ ಆಗಿರುತ್ತಿತ್ತು. ಈಗ ಅದೇ ದೂರಿಗೆ ಮೆಕ್ಯಾನಿಕ್ ಮೊದಲು ಸ್ಕ್ಯಾನರ್ ಹುಡುಕುತ್ತಾರೆ.

ಇದಕ್ಕೆಲ್ಲ ಮೂಲ ತಂತಿಯ ಹೊರೆ. ಪವರ್ ವಿಂಡೋ, ಸೆಂಟ್ರಲ್ ಲಾಕ್, ಮಡಚುವ ಕನ್ನಡಿ ಎಂದು ಸೌಕರ್ಯ ಹೆಚ್ಚಿದಂತೆ ಒಂದೊಂದಕ್ಕೂ ತಂತಿ ಬೇಕಾಯಿತು. ಅಷ್ಟೂ ನುಸುಳಬೇಕಾದದ್ದು ಬಾಗಿಲ ಕೀಲಿನ ಪಕ್ಕದ ಸಣ್ಣ ರಬ್ಬರ್ ಕೊಳವೆಯಲ್ಲಿ. ಕಾರಿನ ಕಂಟ್ರೋಲ್ ಯೂನಿಟ್‌ಗಳು ಎರಡೇ ತಂತಿಯಲ್ಲಿ ಮಾತಾಡಿಕೊಳ್ಳುವ ‘ಕ್ಯಾನ್’ ವ್ಯವಸ್ಥೆಯನ್ನು ಜರ್ಮನಿಯ ಬಾಷ್ 1986ರಲ್ಲಿ ಪ್ರಕಟಿಸಿತು. ಟ್ರ್ಯಾಕ್ಟರಿನ ಡೀಸೆಲ್ ಪಂಪಿನಿಂದ ನಮ್ಮ ರೈತರಿಗೆ ಪರಿಚಿತವಾದ ಆಡುಗೋಡಿಯ ‘ಮೈಕೋ’ ಇದೇ ಬಾಷ್ ಬಳಗದ್ದು. 2008ರಲ್ಲಿ ಹೆಸರೂ ಬಾಷ್ ಆಯಿತು.

ಕ್ಯಾನ್ ಬಂದ ಮೇಲೆ ಬಾಗಿಲಿಗೇ ಒಂದು ಮಾಡ್ಯೂಲ್, ಅಂದರೆ ಪುಟ್ಟ ಕಂಟ್ರೋಲ್ ಯೂನಿಟ್, ಬಂತು. ಈಗ ಸ್ವಿಚ್ ಮೋಟಾರಿಗೆ ಕರೆಂಟ್ ಕೊಡುವುದಿಲ್ಲ, ಮಾಡ್ಯೂಲಿಗೆ ಸುದ್ದಿ ಮುಟ್ಟಿಸುತ್ತದೆ. ಮೋಟಾರ್ ತಿರುಗಿಸುವುದು ಮಾಡ್ಯೂಲಿನ ಕೆಲಸ. ಮಗುವಿನ ಬೆರಳು ಸಿಕ್ಕಿದರೆ ಗಾಜನ್ನು ಕೆಳಗಿಳಿಸುವ ಜಾಣತನವೂ ಕೆಲವಕ್ಕಿದೆ. ಅಗ್ಗದ ಕಾರುಗಳಲ್ಲಿ ಬಾಗಿಲಿಗೆ ಪ್ರತ್ಯೇಕ ಮಾಡ್ಯೂಲ್ ಇರುವುದಿಲ್ಲ. ಒಂದು ರೀತಿಯಲ್ಲಿ ಅವುಗಳ ಮಾಲೀಕರೇ ಪುಣ್ಯವಂತರು.

ಕೆಟ್ಟ ಮಾಡ್ಯೂಲ್ ಬದಲಿಸುವುದೇನೂ ಮಹಾ ವಿದ್ಯೆಯಲ್ಲ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಡೋರ್ ಪ್ಯಾಡ್ ಕಳಚಿ, ಕಪ್ಲರ್ ತೆಗೆದು ಹೊಸದನ್ನು ಕೂರಿಸುವುದು ಪಾಂಡವಪುರದ ಗ್ಯಾರೇಜ್ ಹುಡುಗರಿಗೂ ಬರುತ್ತದೆ. ತೊಡಕು ಆಮೇಲಿನದು. ಇದು ಯಾವ ಕಾರು, ಎಡಬಾಗಿಲೋ ಬಲಬಾಗಿಲೋ ಎಂದು ಹಲವು ಮಾಡ್ಯೂಲ್‌ಗಳಿಗೆ ಕೋಡಿಂಗ್ ಮಾಡಿ ತಿಳಿಸಬೇಕು. ಗುಜರಿಯಿಂದ ತಂದದ್ದನ್ನು ಕೆಲವು ಕಾರುಗಳು ಒಪ್ಪುವುದೇ ಇಲ್ಲ. ಕೋಡಿಂಗಿಗೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕಾಗಿ ಬಂದರೆ ಶ್ರೀರಂಗಪಟ್ಟಣದವರಿಗೆ ಮೈಸೂರು ಪಕ್ಕದಲ್ಲೇ ಇದೆ. ನಾಗಮಂಗಲದವರಿಗೆ ಅರ್ಧ ದಿನ ಹೋಯಿತು. ಕೊಂಡ ವಸ್ತುವನ್ನು ಬೇಕಾದಲ್ಲಿ ರಿಪೇರಿ ಮಾಡಿಸುವ ಹಕ್ಕಿಗೆ ಚೌಕಟ್ಟು ರೂಪಿಸಲು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ನೇಮಿಸಿದಾಗ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತ್ತು. ದುಡ್ಡು ಕೊಟ್ಟು ಕೊಂಡ ಕಾರಿನ ಬಾಗಿಲಿಗೆ ಕಂಪನಿಯ ಅಪ್ಪಣೆ ಬೇಕೆನ್ನುವುದು ಯಾವ ನ್ಯಾಯ?

ಅಂದಹಾಗೆ, ಎಷ್ಟೋ ಸಲ ಮಾಡ್ಯೂಲಿನದು ತಪ್ಪೇ ಇರುವುದಿಲ್ಲ. ಬಾಗಿಲು ತೆರೆದು ಮುಚ್ಚಿ ಕೀಲಿನ ಬಳಿ ತಂತಿ ತುಂಡಾಗಿರುತ್ತದೆ. ಗಾಜಿನ ಸಂದಿನಿಂದ ಇಳಿದ ಮಳೆನೀರು ಹೊರಹೋಗಲು ಬಾಗಿಲ ತಳದಲ್ಲಿ ರಂಧ್ರಗಳಿವೆ. ಗದ್ದೆದಾರಿಯ ಕೆಸರು ಮೆತ್ತಿ ಅವು ಮುಚ್ಚಿದರೆ ನೀರು ಒಳಗೇ ನಿಂತು ಕಪ್ಲರ್ ಕಿಲುಬು ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆ ಆ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸಿ, ಡೋರ್ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಹೊಸದು ಅಂಟಿಸಿ. ತಂತಿ ಪರೀಕ್ಷಿಸದೆ ಹೊಸ ಮಾಡ್ಯೂಲಿಗೆ ದುಡ್ಡು ಕೊಡಬೇಡಿ.